ನಾಲ್ಕು ಲಕ್ಷ ಓಡಿದ ಹಳೆ ಇನ್ನೋವಾ: ಕಲಬುರಗಿ ಬಿಸಿಲಿಗೆ, ಧೂಳಿಗೆ ತಾಳುತ್ತದೆಯೇ?

ಕೆಎ-32 ನಂಬರಿನ ಹಳೆ ಇನ್ನೋವಾ ಮಾರಾಟಕ್ಕಿದೆ ಅಂದಕೂಡಲೇ ಎಲ್ಲರೂ ಕೇಳುವುದು ‘ಎಷ್ಟು ಓಡಿದೆ?’ ಅಂತ. ಈ ಗಾಡಿಯ ಮಟ್ಟಿಗೆ ಅದು ಎರಡನೇ ಪ್ರಶ್ನೆಯಾಗಬೇಕು. ಮೊದಲು ಕೇಳಬೇಕಾದ್ದು ಬೇರೆ: ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೆಳಗಿನ ವಾಷರ್ ಯಾವಾಗ ಬದಲಾಯಿಸಿದ್ದೀರಿ, ಬಿಲ್ ಎಲ್ಲಿದೆ? ಇದಕ್ಕೆ ಉತ್ತರ ಇರುವ ಮೂರೂವರೆ ಲಕ್ಷದ ಗಾಡಿ, ಉತ್ತರ ಇಲ್ಲದ ಒಂದೂವರೆ ಲಕ್ಷದ ಗಾಡಿಗಿಂತ ಮೇಲು. ‘ಡಾಕ್ಟರ್ ಗಾಡಿ, ಸಿಂಗಲ್ ಹ್ಯಾಂಡ್, ಎಂಜಿನ್ನಿಗೆ ಪಾನಾ ಮುಟ್ಟಿಸಿಲ್ಲ ಸರ್’ ಎಂದು ಬ್ರೋಕರ್ ಹೊಗಳಿದರೆ ಖುಷಿಪಡಬೇಡಿ. ಎರಡು ಲಕ್ಷದವರೆಗೆ ಪಾನಾ ಮುಟ್ಟದ ಡೀಸೆಲ್ ಎಂಜಿನ್ ಅಂದರೆ ಮಾಡಬೇಕಾದ ಕೆಲಸವನ್ನೆಲ್ಲ ಮುಂದಿನ ಮಾಲೀಕನಿಗೆ ಬಿಟ್ಟ ಎಂಜಿನ್.

ಇಲ್ಲಿ ಮಾತಾಡುತ್ತಿರುವುದು ಮೊದಲ ತಲೆಮಾರಿನ ಡೀಸೆಲ್ ಇನ್ನೋವಾ ಬಗ್ಗೆ. 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಬಂದು, 2016ರಲ್ಲಿ ಕ್ರಿಸ್ಟಾ ಬರುವವರೆಗೆ ನಮ್ಮದೇ ರಾಜ್ಯದ ಬಿಡದಿಯಲ್ಲಿ ತಯಾರಾದದ್ದು. ಎಂಜಿನ್ ಹೆಸರು 2ಕೆಡಿ-ಎಫ್‌ಟಿವಿ: 2,494 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಟರ್ಬೊ, ಕಾಮನ್ ರೇಲ್ (ನಾಲ್ಕೂ ಇಂಜೆಕ್ಟರುಗಳಿಗೆ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್). ಶಕ್ತಿ 102 ಪಿಎಸ್, ಟಾರ್ಕ್ 200 ಎನ್‌ಎಂ. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂದು. ಇಷ್ಟು ದೊಡ್ಡ ಎಂಜಿನ್ನಿಂದ 102 ಪಿಎಸ್ ಮಾತ್ರ ತೆಗೆದಿದ್ದಾರೆ ಎಂಬುದನ್ನು ಗಮನಿಸಿ. ಕಡಿಮೆ ಹಿಂಡಿದ್ದರಿಂದಲೇ ಅದು ಹೆಚ್ಚು ಬಾಳುತ್ತದೆ. ಕೆಳಗೆ ಲ್ಯಾಡರ್ ಚಾಸಿ, ಹಿಂದಿನ ಚಕ್ರಕ್ಕೆ ಡ್ರೈವ್.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬ್ಲಾಕ್, ಕ್ರ್ಯಾಂಕ್, ಗೇರ್ ಬಾಕ್ಸ್, ಚಾಸಿ ಈ ನಾಲ್ಕಕ್ಕೆ ಪೂರ್ಣ ಅಂಕ. ಇಂಧನ ವ್ಯವಸ್ಥೆಗೆ ಪಾಸ್ ಮಾರ್ಕ್, ಅದೂ ಮಾಲೀಕ ಎಚ್ಚರದಿಂದ ಇದ್ದರೆ. ಬ್ರೇಕು, ತಿರುವಿನಲ್ಲಿ ವಾಲುವುದು, ಪಿಕಪ್ ಇವೆಲ್ಲ ಸಾಧಾರಣ. ಏಳು ಜನ, ಮೇಲೆ ಲಗೇಜು, ಎಸಿ ಹಾಕಿ ಹುಮನಾಬಾದ್ ಕಡೆಯ ಏರಿನಲ್ಲಿ ಓವರ್‌ಟೇಕ್ ಮಾಡುವಾಗ ಗೇರ್ ಇಳಿಸಲೇಬೇಕು. ಹೈವೇಯಲ್ಲಿ ಲೀಟರಿಗೆ 12-13 ಕಿ.ಮೀ., ಊರೊಳಗೆ 10-11 ಸಿಕ್ಕರೆ ಎಂಜಿನ್ ಸರಿಯಾಗಿದೆ ಎಂದರ್ಥ. ಇದಕ್ಕಿಂತ ಜಾಸ್ತಿ ಆವರೇಜ್ ಹೇಳುವವರನ್ನು ನಂಬಬೇಡಿ.

ವಾಷರ್: ಚಿಕ್ಕ ವಸ್ತು, ದೊಡ್ಡ ಸಾವು

ಈ ಎಂಜಿನ್ ಸವೆದು ಸಾಯುವುದು ಅಪರೂಪ. ಸತ್ತ 2ಕೆಡಿ ಎಂಜಿನ್ ಬಿಚ್ಚಿ ನೋಡಿದರೆ ಮತ್ತೆ ಮತ್ತೆ ಕಾಣುವುದು ಒಂದೇ ಕಥೆ. ನಾಲ್ಕು ಇಂಜೆಕ್ಟರುಗಳ ಬುಡದಲ್ಲಿ, ಹೆಡ್ಡಿನ ಸೀಟಿನ ಮೇಲೆ ಒಂದೊಂದು ಸೀಲಿಂಗ್ ವಾಷರ್ ಇರುತ್ತದೆ. ಸಿಲಿಂಡರಿನೊಳಗೆ ಸಿಡಿಯುವ ಬಿಸಿ ಗ್ಯಾಸ್ ಮೇಲೆ ಬರದಂತೆ ತಡೆಯುವುದು ಅದರ ಕೆಲಸ. ವರ್ಷಗಟ್ಟಲೆ ಬಿಸಿಗೆ ಬೆಂದು ಅದು ಹಿಡಿತ ಬಿಟ್ಟಾಗ ಗ್ಯಾಸ್ ಇಂಜೆಕ್ಟರ್ ಪಕ್ಕದಿಂದ ಮೇಲೇರಿ ಹೆಡ್ ಕವರಿನೊಳಗೆ ನುಗ್ಗುತ್ತದೆ. ಅಲ್ಲಿರುವ ಆಯಿಲಿಗೆ ಮಸಿ ಸೇರಿ ಗಟ್ಟಿಯಾಗುತ್ತದೆ, ಡಾಂಬರಿನಂತಹ ಚೂರುಗಳಾಗುತ್ತದೆ, ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಚೇಂಬರಿನಲ್ಲಿ ಆಯಿಲ್ ಪಂಪ್ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇದೆ. ಚೂರುಗಳು ಅದನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತವೆ. ಒಂದು ದಿನ ಹೈದರಾಬಾದ್ ರಸ್ತೆಯಲ್ಲಿ ನೂರರ ವೇಗದಲ್ಲಿದ್ದಾಗ ಪಂಪಿಗೆ ಆಯಿಲ್ ಸಾಲದೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಅಲ್ಲಿಯವರೆಗೆ ಹೊಗೆ ಇಲ್ಲ, ಪಿಕಪ್ ಇಳಿದಿರುವುದಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟವೂ ಸರಿಯಾಗಿಯೇ ಇರುತ್ತದೆ. ಮಾಲೀಕರು ‘ಇದ್ದಕ್ಕಿದ್ದಂತೆ ಸೀಜ್ ಆಯ್ತು’ ಎನ್ನುವುದು ಇದಕ್ಕೇ.

ಮುನ್ಸೂಚನೆಗಳಿವೆ, ಆದರೆ ಮೆಲ್ಲಗಿನವು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬಾನೆಟ್ ಕೆಳಗಿಂದ ‘ಛಫ್ ಛಫ್’ ಎಂಬ ಉಸಿರಿನ ಸದ್ದು. ಇಂಜೆಕ್ಟರ್ ಸುತ್ತ ಒಣ ಮಸಿ, ಇಲ್ಲವೇ ಕಪ್ಪು ಅಂಟು. ಎಸಿ ಬ್ಲೋವರ್ ಹೊರಗಾಳಿಗೆ ಇಟ್ಟಾಗ ಒಳಗೆ ಹೊಗೆಯ ವಾಸನೆ. ಸ್ಟಾರ್ಟ್ ಆದ ಮೇಲೆ ಆಯಿಲ್ ದೀಪ ಆರಲು ಮೊದಲಿಗಿಂತ ಒಂದೆರಡು ಸೆಕೆಂಡ್ ಹೆಚ್ಚು ಹಿಡಿಯುವುದು. ಈ ಕೊನೆಯದನ್ನು ಕಂಡರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ, ಅದೊಂದರಿಂದಲೇ ತೀರ್ಮಾನ ಬೇಡ. ಬೆರಳ ಮಧ್ಯೆ ತಿಕ್ಕಿ ನೋಡಿದಾಗ ರವೆಯಂತೆ ತಾಗಿದರೆ ಮಾತ್ರ ಚಿಂತಿಸಬೇಕು.

ಕೊಂಡ ಗಾಡಿಗೆ ಮಾಡಬೇಕಾದ ಮೊದಲ ಕೆಲಸ ಚೇಂಬರ್ ಇಳಿಸುವುದು. ಆಯಿಲ್ ಬಿಸಿಯಿರುವಾಗಲೇ ಸುರಿದು, ಕೆಳಗಿನ ತಗಡಿನ ಚೇಂಬರ್ ಬಿಚ್ಚಿ, ಜಾಲರಿಯನ್ನು ಟಾರ್ಚ್ ಹಾಕಿ ನೋಡಿ. ಸ್ವಚ್ಛವಾಗಿದ್ದರೆ ಆ ಎಂಜಿನ್ನಿನ ಹಳೆಯ ಮಾಲೀಕ ಒಳ್ಳೆಯವನು. ಮಸಿ ಕಂಡರೆ ಜಾಲರಿ ಕೊಳವೆಯನ್ನೇ ಬಿಚ್ಚಿ ತೊಳೆಯಬೇಕು. ಮತ್ತೆ ಕೂರಿಸುವಾಗ ನಮ್ಮಲ್ಲಿ ನಡೆಯುವ ತಪ್ಪು ಒಂದಿದೆ: ಲಿಕ್ವಿಡ್ ಗ್ಯಾಸ್ಕೆಟ್ಟನ್ನು ಹೋಳಿಗೆಗೆ ತುಪ್ಪ ಸವರಿದಂತೆ ಧಾರಾಳವಾಗಿ ಹಚ್ಚುವುದು. ಒಳಗೆ ಉಬ್ಬಿದ ಸಿಲಿಕಾನ್ ಒಣಗಿ ಕಿತ್ತುಬಂದು ಅದೇ ಜಾಲರಿಗೆ ಹೋಗಿ ಅಂಟುತ್ತದೆ. ತೆಳುವಾದ, ಎಲ್ಲಿಯೂ ಕಡಿಯದ ಒಂದು ಗೆರೆ ಸಾಕು. ಎರಡೂ ಮುಖಗಳಿಂದ ಹಳೆಯ ಅಂಟನ್ನು ಪೂರ್ತಿ ಕೆರೆದು, ಎಣ್ಣೆ ಒರೆಸಿದ ಮೇಲೆಯೇ ಹಚ್ಚಬೇಕು.

ವಾಷರ್ ಬದಲಾಯಿಸುವುದು ಅರ್ಧ ದಿನದ ಕೆಲಸ. ಇಂಜೆಕ್ಟರ್ ಯಾವ ಸಿಲಿಂಡರಿನದು ಎಂದು ತೆಗೆಯುವ ಮೊದಲೇ ಗುರುತು ಹಾಕಬೇಕು. ಪೈಪ್ ಬಿಚ್ಚಿದ ತಕ್ಷಣ ಎರಡೂ ಬಾಯಿಗೆ ಸ್ವಚ್ಛ ಮುಚ್ಚಳ, ಇಲ್ಲದಿದ್ದರೆ ಹೊಸ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಬೇಕು. ಗ್ಯಾರೇಜಿನ ಹರಕು ಬಟ್ಟೆ ತುರುಕಿದರೆ ಅದರ ನೂಲೇ ಇಂಜೆಕ್ಟರಿಗೆ ಸಾಕು. ಹೆಡ್ಡಿನ ಸೀಟಿನ ಮೇಲೆ ಕೂತ ಮಸಿಯನ್ನು ತೆಗೆಯದೆ ಹೊಸ ವಾಷರ್ ಹಾಕಿದರೆ ಅದು ಕೂರುವುದಿಲ್ಲ, ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ. ಕೆರೆಯುವ ಸಲಕರಣೆಗೆ ಗ್ರೀಸ್ ಹಚ್ಚಿದರೆ ಪುಡಿ ಸಿಲಿಂಡರಿಗೆ ಬೀಳದೆ ಅಂಟಿಕೊಂಡು ಬರುತ್ತದೆ. ಹಳೆ ವಾಷರನ್ನು ಕಾಯಿಸಿ, ತಿಕ್ಕಿ ಮತ್ತೆ ಹಾಕುವ ಜಾಣತನ ಬೇಡ. ಕ್ಲಾಂಪ್ ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿಯುವವರ ಹತ್ತಿರ ಈ ಕೆಲಸ ಕೊಡಬೇಡಿ, ಟಾರ್ಕ್ ರೆಂಚ್ ಬೇಕೇ ಬೇಕು. ಒಂದರಿಂದ ಒಂದೂಕಾಲು ಲಕ್ಷ ಕಿ.ಮೀ.ಗೊಮ್ಮೆ, ಸದ್ದು ಬರಲಿ ಬಿಡಲಿ, ಇದನ್ನು ಮಾಡಿಸಿ.

ಇಂಜೆಕ್ಟರ್, ಪಂಪ್ ಮತ್ತು ‘ಪಂಪೇ ಹೋಗಿದೆ’ ಎಂಬ ಮಾತು

ಕ್ವಾಲಿಸ್, ಅಂಬಾಸಿಡರ್ ಕಾಲದ ಮಿಸ್ತ್ರಿಗಳಿಗೆ ಒಂದು ಅಭ್ಯಾಸ ಇತ್ತು. ಮಿಸ್ಸಿಂಗ್ ಇದ್ದರೆ ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪೈಪ್ ನಟ್ ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹುಡುಕುವುದು. ಕಾಮನ್ ರೇಲ್ ಎಂಜಿನ್ನಿನಲ್ಲಿ ಇದನ್ನು ಮಾಡಲೇಬಾರದು. ಅಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತದೆ. ಕಣ್ಣಿಗೆ ಕಾಣದ ಧಾರೆ ಚರ್ಮ ತೂರಿ ಒಳಗೆ ಹೋದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು.

ಇಲ್ಲಿ ಹುಡುಕುವ ದಾರಿ ಸ್ಕ್ಯಾನರ್, ಅಂದರೆ ಎಂಜಿನ್ ಕಂಪ್ಯೂಟರಿಗೆ ಜೋಡಿಸಿ ಅಂಕಿ ಓದುವ ಯಂತ್ರ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಬಂದ್ ಮಾಡಿ, ಐಡ್ಲಿಂಗಿನಲ್ಲಿ ಪ್ರತಿ ಸಿಲಿಂಡರಿನ ಇಂಜೆಕ್ಷನ್ ಫೀಡ್‌ಬ್ಯಾಕ್ ಅಂಕಿ ನೋಡಬೇಕು. ಮೈನಸ್ 3ರಿಂದ ಪ್ಲಸ್ 3ರೊಳಗೆ ಇದ್ದರೆ ಸರಿ. ಒಂದೇ ಸಿಲಿಂಡರ್ ಪ್ಲಸ್ ಕಡೆಗೆ ದೂರ ಹೋಗಿದ್ದರೆ ಆ ಸಿಲಿಂಡರ್ ಸೊರಗಿದೆ, ಕಂಪ್ಯೂಟರ್ ಅದಕ್ಕೆ ಹೆಚ್ಚು ಡೀಸೆಲ್ ಕೊಟ್ಟು ಎಬ್ಬಿಸುತ್ತಿದೆ ಎಂದರ್ಥ. ಅದಕ್ಕೆ ಇಂಜೆಕ್ಟರ್ ಕಾರಣವೋ ಕಂಪ್ರೆಶನ್ ಕಾರಣವೋ ತಿಳಿಯದೆ ಇಂಜೆಕ್ಟರ್ ಕೊಳ್ಳಬೇಡಿ. ಕಂಪ್ರೆಶನ್ ಪರೀಕ್ಷೆಯಲ್ಲಿ ನಾಲ್ಕು ಸಿಲಿಂಡರುಗಳ ನಡುವಿನ ಅಂತರ 5 ಬಾರ್ ಒಳಗಿರಬೇಕು. ಅಂತರ ಸರಿಯಿದ್ದರೆ ನಾಲ್ಕೂ ರಿಟರ್ನ್ ಪೈಪುಗಳಿಗೆ ನಾಲ್ಕು ಒಂದೇ ಥರದ ಬಾಟಲಿ ಕಟ್ಟಿ ಎರಡು ನಿಮಿಷ ಓಡಿಸಿ. ಒಂದು ಬಾಟಲಿ ಉಳಿದವುಗಳಿಗಿಂತ ಬಹಳ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ಗಾಡಿ ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗುವುದಕ್ಕೂ ಬಹಳ ಸಲ ಇದೇ ಮೂಲ.

ಇಂಜೆಕ್ಟರ್ ಮೇಲೆ ಕೋಡ್ ಕೊರೆದಿದ್ದರೆ, ಹೊಸದನ್ನು ಹಾಕಿದಾಗ ಆ ಕೋಡನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಹಾಕಲೇಬೇಕು. ಒಂದನೇ ಸಿಲಿಂಡರಿನದ್ದನ್ನು ಮೂರಕ್ಕೆ, ಮೂರರದ್ದನ್ನು ಒಂದಕ್ಕೆ ಬದಲಿಸಿದರೂ ಹಾಗೆಯೇ. ಅದನ್ನು ಬಿಟ್ಟರೆ ನಾಕಿಂಗ್, ಬಿಳಿ ಹೊಗೆ ಬರುತ್ತದೆ, ‘ಹೊಸ ಇಂಜೆಕ್ಟರೇ ಕೆಟ್ಟದ್ದು’ ಎಂದು ಜಗಳವಾಗುತ್ತದೆ.

ಸಿಗ್ನಲಿನಲ್ಲಿ ನಿಂತಾಗ ಆರ್‌ಪಿಎಂ ಮೇಲೆ ಕೆಳಗೆ ಆಡುವುದು, ಬಿಸಿಯಿರುವಾಗ ಇದ್ದಕ್ಕಿದ್ದಂತೆ ಬಂದ್ ಬೀಳುವುದು, ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲದಂತೆ ಸ್ಟಾರ್ಟ್ ಆಗುವುದು: ಈ ಮೂರು ಸೇರಿದರೆ ಮೊದಲು ಅನುಮಾನಿಸಬೇಕಾದ್ದು ಪಂಪಿಗೆ ಅಂಟಿಕೊಂಡಿರುವ ಸಕ್ಷನ್ ಕಂಟ್ರೋಲ್ ವಾಲ್ವನ್ನು. ಡೆನ್ಸೊ ಹೈ ಪ್ರೆಶರ್ ಪಂಪಿಗೆ ಎಷ್ಟು ಡೀಸೆಲ್ ಬಿಡಬೇಕು ಎಂದು ಅಳೆಯುವ ವಾಲ್ವ್ ಇದು. ಸವೆತದಿಂದ, ಕೊಳೆ ಡೀಸೆಲಿನಿಂದ ಅಂಟಿಕೊಳ್ಳುತ್ತದೆ. ‘ಪಂಪೇ ಹೋಗಿದೆ, ಹೊಸದೇ ಹಾಕಬೇಕು’ ಎನ್ನುವವರಿಗೆ ಮೊದಲು ಫ್ಯುಯೆಲ್ ಫಿಲ್ಟರ್, ಆಮೇಲೆ ಈ ವಾಲ್ವ್ ಬದಲಾಯಿಸಿ ನೋಡಲು ಹೇಳಿ. ಎರಡು ಬೋಲ್ಟಿನ ಕೆಲಸ. ಹಾಕಿದ ಮೇಲೆ ಸ್ಕ್ಯಾನರಿನಿಂದ ಪಂಪ್ ಲರ್ನಿಂಗ್ (ಹೊಸ ವಾಲ್ವಿಗೆ ಕಂಪ್ಯೂಟರನ್ನು ಹೊಂದಿಸುವುದು) ಮಾಡಿಸುವುದನ್ನು ಮರೆಯಬಾರದು.

ಫ್ಯುಯೆಲ್ ಫಿಲ್ಟರ್ 20,000 ಕಿ.ಮೀ.ಗೆ ಒಂದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ಬುಡದ ಡ್ರೈನ್ ತಿರುಗಿಸಿ ನೀರು ಬಿಟ್ಟು, ಮತ್ತೆ ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಬೇಕು. ಹಳ್ಳಿಗಳಲ್ಲಿ ಕ್ಯಾನಿನಲ್ಲಿ ಮಾರುವ ಡೀಸೆಲ್ ಟ್ರ್ಯಾಕ್ಟರಿಗೆ ನಡೆದೀತು, ಇದಕ್ಕೆ ನಡೆಯುವುದಿಲ್ಲ. ಈ ಪಂಪಿಗೆ ಡೀಸೆಲೇ ಎಣ್ಣೆ, ಸೀಮೆಎಣ್ಣೆ ಬೆರೆತರೆ ಒಣ ಸವೆತ ಶುರು.

ಟೈಮಿಂಗ್ ಬೆಲ್ಟ್ ಬಗ್ಗೆ ಉದ್ದ ಮಾತು ಬೇಕಿಲ್ಲ. ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಹೆಡ್ ಕೆಲಸ ಗ್ಯಾರಂಟಿ. ನಮ್ಮ ಬಿಸಿಲು, ಧೂಳಿಗೆ ಒಂದು ಲಕ್ಷಕ್ಕೊಮ್ಮೆ ಬೆಲ್ಟ್, ಟೆನ್ಶನರ್, ಐಡ್ಲರ್ ಬೇರಿಂಗ್ ಒಟ್ಟಿಗೆ ಬದಲಾಯಿಸಿ. ಬಿಲ್ ಇಲ್ಲದ ಗಾಡಿ ಕೊಂಡರೆ ‘ಈಗಷ್ಟೇ ಹಾಕಿಸಿದ್ದೀವಿ’ ಎಂಬ ಬಾಯಿಮಾತನ್ನು ಲೆಕ್ಕಕ್ಕೆ ತಗೋಬೇಡಿ. ಡ್ಯಾಶ್ ಮೇಲಿನ ಬೆಲ್ಟ್ ದೀಪವನ್ನು ರೀಸೆಟ್ ಮಾಡಲು ಬೆಲ್ಟ್ ಬದಲಾಯಿಸಲೇಬೇಕೆಂದೇನೂ ಇಲ್ಲವಲ್ಲ.

ಬೋರ್ ನೀರು, ಬ್ಯಾಸಗಿ, ಸಿಮೆಂಟ್ ಧೂಳು

ಬೆಂಗಳೂರಿನಲ್ಲಿ ಬರೆದ ಸರ್ವಿಸ್ ಪಟ್ಟಿ ಇಲ್ಲಿಗೆ ಹೊಂದುವುದಿಲ್ಲ. ಏಪ್ರಿಲ್-ಮೇನಲ್ಲಿ 42-43 ಡಿಗ್ರಿ ಇಲ್ಲಿ ಮಾಮೂಲು. ಶಹಾಬಾದ್, ಸೇಡಂ, ಚಿತ್ತಾಪುರದ ನೆಲವೆಲ್ಲ ಸುಣ್ಣದ ಕಲ್ಲು, ಹಾಗಾಗಿ ಬೋರಿನ ನೀರು ಗಡಸು. ರೇಡಿಯೇಟರಿಗೆ ಆ ನೀರು ತುಂಬಿಸುತ್ತ ಬಂದ ಗಾಡಿಯ ಕ್ಯಾಪ್ ತೆಗೆದರೆ ಬಾಯಿಯ ಸುತ್ತ ಬಿಳಿ ಪದರ ಕಾಣುತ್ತದೆ. ಸ್ನಾನದ ಗೀಸರಿನ ಕಾಯಿಲಿಗೆ ಕೂರುವ ಅದೇ ಸುಣ್ಣ ಹೆಡ್ಡಿನ ಒಳದಾರಿಗಳಲ್ಲೂ ಕೂರುತ್ತದೆ. ಬಿಸಿ ಹೊರಗೆ ಬರುವುದಿಲ್ಲ, ಅಲ್ಯುಮಿನಿಯಂ ಹೆಡ್ ಬೆಂಡಾಗುತ್ತದೆ. ಪರಿಹಾರ ಸರಳ: ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ನೀರು ಸಿಗುತ್ತದೆ. ತುರ್ತಿನಲ್ಲಿ ದಾರಿ ಮಧ್ಯೆ ಬೋರ್ ನೀರು ಹಾಕಿದ್ದರೆ ಊರಿಗೆ ಬಂದ ಮೇಲೆ ಪೂರ್ತಿ ಬಸಿದು ಹೊಸದಾಗಿ ತುಂಬಿಸಿ. ಹಸಿರು ಕೂಲಂಟ್, ಪಿಂಕ್ ಕೂಲಂಟ್ ಎರಡನ್ನೂ ಬೆರೆಸಬೇಡಿ.

ಬ್ಯಾಸಗಿ ಬಂದರೆ ‘ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡ್ರಿ, ಎಂಜಿನ್ ತಂಪಿರ್ತದ’ ಎಂಬ ಸಲಹೆ ಈ ಭಾಗದ ಗ್ಯಾರೇಜುಗಳಲ್ಲಿ ಉಚಿತವಾಗಿ ಸಿಗುತ್ತದೆ. ಕಿವಿಗೊಡಬೇಡಿ. ವಾಲ್ವ್ ಇಲ್ಲದ ಎಂಜಿನ್ ಬೆಳಿಗ್ಗೆ, ಚಳಿಗಾಲದಲ್ಲಿ ಬೇಕಾದ ಬಿಸಿಗೆ ಬರುವುದೇ ಇಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಹೆಚ್ಚುತ್ತದೆ, ಆವರೇಜ್ ಇಳಿಯುತ್ತದೆ. ಬಿಸಿಯಾಗುವ ರೋಗದ ಮೂಲ ಬೇರೆ ಕಡೆ ಇರುತ್ತದೆ. ಮುಖ್ಯವಾಗಿ, ಬಿಸಿಯಾದಾಗ ಫ್ಯಾನನ್ನು ಎಂಜಿನ್ನಿನ ಜೊತೆ ಹಿಡಿದು ತಿರುಗಿಸುವ ವಿಸ್ಕಸ್ ಕಪ್ಲಿಂಗಿನಲ್ಲಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬಂದ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿ ತಡೆದರೆ ಸರಿಯಿದೆ. ಸಲೀಸಾಗಿ ನಾಲ್ಕು ಸುತ್ತು ಹೊಡೆದರೆ ಒಳಗಿನ ಸಿಲಿಕಾನ್ ಎಣ್ಣೆ ಸೋರಿಹೋಗಿದೆ. ಎರಡನೆಯದು, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸಿಕ್ಕಿಕೊಂಡ ಹೊಟ್ಟು, ಹುಳ, ಎರೆಮಣ್ಣು. ತೊಗರಿ ರಾಶಿಯ ಕಾಲ ಮುಗಿದ ಮೇಲೆ ಒಮ್ಮೆ, ಬ್ಯಾಸಗಿ ಮೊದಲು ಒಮ್ಮೆ, ಎಂಜಿನ್ ಕಡೆಯಿಂದ ಹೊರಗೆ ಹೋಗುವಂತೆ ಕಡಿಮೆ ಒತ್ತಡದ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳೆಲ್ಲ ಮಡಚಿ ಇದ್ದ ಗಾಳಿಯೂ ನಿಲ್ಲುತ್ತದೆ.

ಟೆಂಪರೇಚರ್ ಮುಳ್ಳು ನಡುಮಟ್ಟ ಬಿಟ್ಟು ಮೇಲೆ ಹೋಯಿತೆಂದರೆ ಅದು ಎಚ್ಚರಿಕೆ ಅಲ್ಲ, ಆಗಲೇ ತಡವಾಗಿದೆ. ‘ಜೇವರ್ಗಿ ಇನ್ನೇನು ಹತ್ತು ಕಿಲೋಮೀಟರ್’ ಎಂದು ಓಡಿಸಿದವರು ಹೆಡ್ ಗ್ಯಾಸ್ಕೆಟ್ ಜೊತೆ ಹೆಡ್ಡನ್ನೂ ಲೇತಿಗೆ ಒಯ್ಯುತ್ತಾರೆ.

ಇನ್ನು ಧೂಳು. ವಾಡಿ, ಮಳಖೇಡ, ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ದಿನಾ ಓಡುವ ಗಾಡಿಗೆ ಏರ್ ಫಿಲ್ಟರ್ 5,000 ಕಿ.ಮೀ.ಗೆ ಒಮ್ಮೆ ತೆಗೆದು ನೋಡಬೇಕು. ಹವಾ ಹೊಡೆಯುವುದಾದರೆ ಒಳಗಿನಿಂದ ಹೊರಗೆ, ನಳಿಗೆ ದೂರ ಹಿಡಿದು. ಎರಡು ಸಲ ಹವಾ ಹೊಡೆದದ್ದನ್ನು ಮೂರನೇ ಸಲ ಎಸೆಯಿರಿ. ಡುಪ್ಲಿಕೇಟ್ ಫಿಲ್ಟರಿನಲ್ಲಿ ಕಾಗದಕ್ಕಿಂತ ಅಂಚಿನ ರಬ್ಬರೇ ಮೋಸ ಮಾಡುತ್ತದೆ. ಒಂದೆರಡು ಮಿಲಿಮೀಟರ್ ಕಡಿಮೆ ಇದ್ದರೂ ಧೂಳು ಪಕ್ಕದಿಂದ ನುಗ್ಗಿ ಟರ್ಬೊ ರೆಕ್ಕೆ, ರಿಂಗು, ಸಿಲಿಂಡರ್ ಗೋಡೆ ಎಲ್ಲವನ್ನೂ ತಿಕ್ಕುತ್ತದೆ. ಪರೀಕ್ಷೆಗೆ ಖರ್ಚಿಲ್ಲ: ಫಿಲ್ಟರ್ ಆಚೆಗಿನ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ. ತೆಳು ಆಯಿಲ್ ಪಸೆ ಸಿಕ್ಕರೆ ಪರವಾಗಿಲ್ಲ. ಒಣ ಧೂಳು ಒಂದು ಚಿಟಿಕೆ ಸಿಕ್ಕರೂ ಆ ಗಾಡಿಗೆ ಬೇಡ ಅನ್ನಿ.

ಆಯಿಲ್ ಮತ್ತು ಇಜಿಆರ್

15ಡಬ್ಲ್ಯು-40 ಡೀಸೆಲ್ ಆಯಿಲ್ ಈ ಹವೆಗೆ ಸರಿಹೊಂದುತ್ತದೆ. ಫಿಲ್ಟರ್ ಸೇರಿ ಸುಮಾರು 7 ಲೀಟರ್ ಹಿಡಿಯುತ್ತದೆ. ಆರೂವರೆ ಹಾಕಿ, ಸ್ಟಾರ್ಟ್ ಮಾಡಿ, ಐದು ನಿಮಿಷ ನಿಲ್ಲಿಸಿ ಡಿಪ್‌ಸ್ಟಿಕ್ ನೋಡುತ್ತ ಉಳಿದದ್ದು ಹಾಕಬೇಕು. ಮೂರು ಲಕ್ಷ ದಾಟಿದ ಎಂಜಿನ್ನಿಗೆ 7,500 ಕಿ.ಮೀ.ಗೆ ಬದಲಾವಣೆ, ಪ್ರತಿ ಸಲ ಫಿಲ್ಟರ್ ಸಮೇತ. ಸಿಂಥೆಟಿಕ್ ಹಾಕಿ 15,000 ಎಳೆಯುವುದಕ್ಕಿಂತ ಸಾದಾ ಆಯಿಲ್ ಬೇಗ ಬೇಗ ಬದಲಾಯಿಸುವುದು ಈ ಎಂಜಿನ್ನಿಗೆ ಒಳ್ಳೆಯದು, ಮಸಿ ಹೊರಗೆ ಹೋಗಬೇಕಲ್ಲ. ಎರಡು ಬದಲಾವಣೆಗಳ ನಡುವೆ ಒಂದು ಲೀಟರ್ ಇಳಿದರೆ ಹೆದರಬೇಡಿ. ಮಟ್ಟ ಏರಿದರೆ ಹೆದರಿ: ಡೀಸೆಲ್ ಒಳಗೆ ಸೇರುತ್ತಿದೆ, ಆಯಿಲ್ ತೆಳುವಾಗುತ್ತಿದೆ. ‘ಎಂಜಿನ್ ಫ್ಲಶ್’ ಎಂಬ ಡಬ್ಬಿಯನ್ನು ಹಳೆ ಎಂಜಿನ್ನಿಗೆ ಸುರಿಯಬೇಡಿ. ಕೂತಿದ್ದ ಮಸಿಯೆಲ್ಲ ಒಮ್ಮೆಲೇ ಎದ್ದು ಹೋಗುವುದು ಅದೇ ಜಾಲರಿಗೆ.

ಇಜಿಆರ್ (ಎಕ್ಸಾಸ್ಟ್ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ 80,000 ಕಿ.ಮೀ.ಗೊಮ್ಮೆ ಬಿಚ್ಚಿ ಸ್ವಚ್ಛ ಮಾಡಿಸಿ. ಎಕ್ಸಾಸ್ಟ್ ಮಸಿ ಮತ್ತು ಆಯಿಲ್ ಆವಿ ಬೆರೆತು ಗಾಳಿಯ ದಾರಿಯೇ ಕಿರಿದಾಗಿರುತ್ತದೆ. ಪಿಕಪ್ ಇಲ್ಲ, ಕಪ್ಪು ಹೊಗೆ ಎಂಬ ದೂರಿನಲ್ಲಿ ಅರ್ಧ ಇಲ್ಲೇ ಮುಗಿಯುತ್ತದೆ. ತಗಡು ಹಾಕಿ ಇಜಿಆರ್ ಮುಚ್ಚಿಬಿಡುವುದು ಸುಲಭ ಅನಿಸಿದರೂ ಅದು ಹೊಗೆ ನಿಯಂತ್ರಣದ ನಿಯಮಕ್ಕೆ ವಿರುದ್ಧ, ಕೆಲವು ಮಾಡೆಲ್ಲುಗಳಲ್ಲಿ ಎಂಜಿನ್ ದೀಪವೂ ಹತ್ತುತ್ತದೆ. ಹೈವೇಯಿಂದ ಬಂದು ನಿಲ್ಲಿಸುವಾಗ ಒಂದು ನಿಮಿಷ ಐಡ್ಲಿಂಗ್ ಬಿಡುವುದು ಟರ್ಬೊಗೆ ಕೊಡುವ ಅಗ್ಗದ ವಿಮೆ.

ಚಾಸಿ ಕೆಳಗೆ

ಸಸ್ಪೆನ್ಶನ್ ಮುಂದೆ ಡಬಲ್ ವಿಶ್‌ಬೋನ್, ಹಿಂದೆ ನಾಲ್ಕು ಲಿಂಕು ಮತ್ತು ಕಾಯಿಲ್ ಸ್ಪ್ರಿಂಗ್. ಕುಳಿತವರಿಗೆ ಸುಖ, ಬುಷ್ ಮಾರುವವನಿಗೂ ಸುಖ. ಇವುಗಳಲ್ಲಿ ಜೀವಕ್ಕೆ ಸಂಬಂಧಪಟ್ಟದ್ದು ಮುಂದಿನ ಲೋವರ್ ಬಾಲ್ ಜಾಯಿಂಟ್, ಅಂದರೆ ಚಕ್ರವನ್ನು ಕೆಳಗಿನ ತೋಳಿಗೆ ಜೋಡಿಸುವ ಕೀಲು. ಕಳಚಿದರೆ ಚಕ್ರ ಒಳಕ್ಕೆ ಮಡಚುತ್ತದೆ, ಗಾಡಿ ಕೈಗೆ ಸಿಗುವುದಿಲ್ಲ. ಜಾಕ್ ಹಾಕಿ ಚಕ್ರ ಎತ್ತಿ, ಟೈರ್ ಕೆಳಗೆ ಕಬ್ಬಿಣದ ಸರಳು ಕೊಟ್ಟು ಮೇಲಕ್ಕೆ ಮೀಟಿ ನೋಡಿ. ಜಾಯಿಂಟಿನಲ್ಲಿ ಕಣ್ಣಿಗೆ ಕಾಣುವ ಆಟ ಇದ್ದರೆ ಅಂದೇ ಬದಲಾವಣೆ, ಎರಡೂ ಕಡೆ. ರಬ್ಬರ್ ಬೂಟ್ ಹರಿದಿದ್ದರೆ ಆಟ ಇಲ್ಲದಿದ್ದರೂ ಬದಲಾಯಿಸಿ, ಎರೆಮಣ್ಣಿನ ಕೆಸರು ಒಳಗೆ ಹೋದ ಮೇಲೆ ಅದು ಒಂದು ಮಳೆಗಾಲ ದಾಟುವುದಿಲ್ಲ. ಗೇರ್ ಬಾಕ್ಸ್ ಮತ್ತು ಹಿಂದಿನ ಕ್ರೌನ್ (ಡಿಫರೆನ್ಷಿಯಲ್) ಆಯಿಲ್ 40,000 ಕಿ.ಮೀ.ಗೆ. ಕ್ರೌನ್ ಆಯಿಲ್ ಜಿಎಲ್-5 ಗುಣಮಟ್ಟದ್ದೇ ಇರಲಿ. 60-80ರ ವೇಗದಲ್ಲಿ ಹಿಂದಿನಿಂದ ‘ಊಂ’ ಎಂಬ ಸದ್ದು ಬಂದರೆ ಕ್ರೌನ್ ಅಥವಾ ವೀಲ್ ಬೇರಿಂಗ್. ಆಕ್ಸಿಲರೇಟರ್ ಬಿಟ್ಟಾಗ ಸದ್ದು ಬದಲಾದರೆ ಕ್ರೌನ್, ಬದಲಾಗದಿದ್ದರೆ ಬೇರಿಂಗ್. ಹಿಂದಿನ ಎಸಿ ತಣ್ಣಗಿಲ್ಲದಿದ್ದರೆ ಗ್ಯಾಸ್ ತುಂಬಿಸುವ ಮೊದಲು ಲೀಕ್ ಹುಡುಕಿಸಿ, ಹಿಂದಕ್ಕೆ ಹೋಗುವ ಉದ್ದನೆಯ ಪೈಪುಗಳು ಚಾಸಿ ಪಕ್ಕದಲ್ಲಿ ಕೊರೆದುಹೋಗುತ್ತವೆ.

ಕೆಲಸ ಎಲ್ಲಿ ಮಾಡಿಸುವುದು? ಸ್ಕ್ಯಾನರ್, ಇಂಜೆಕ್ಟರ್ ಕೋಡ್, ಪಂಪ್ ಲರ್ನಿಂಗ್ ಬೇಕಾದ ಕೆಲಸಗಳಿಗೆ ಕಂಪನಿ ಸರ್ವಿಸ್ ಸೆಂಟರ್, ಇಲ್ಲವೇ ಒಳ್ಳೆಯ ಸ್ಕ್ಯಾನರ್ ಇರುವ ಗ್ಯಾರೇಜ್. ಬುಷ್, ಬ್ರೇಕ್, ಕ್ಲಚ್, ಕ್ರೌನ್ ಕೆಲಸಕ್ಕೆ ಕಪನೂರ ಕಡೆಯ ಅಥವಾ ರಿಂಗ್ ರೋಡಿನ ಅನುಭವಿ ಮಿಸ್ತ್ರಿ ಸಾಕು, ಕೆಲವು ಸಲ ಅವರೇ ಮೇಲು. ಡೀಸೆಲ್ ಪಂಪ್ ಲ್ಯಾಬಿಗೆ ಇಂಜೆಕ್ಟರ್ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಕಾಮನ್ ರೇಲ್ ಬೆಂಚ್ ಇದೆಯೇ, ಪರೀಕ್ಷೆಯ ಪ್ರಿಂಟ್ ಕೊಡುತ್ತೀರಾ? ಹಳೆ ಮೆಕ್ಯಾನಿಕಲ್ ಪಂಪಿನಲ್ಲಿ ಕೈಪಳಗಿದ ಲ್ಯಾಬುಗಳು ಇಲ್ಲಿ ಇವೆ, ಆದರೆ ಆ ಬೆಂಚಿನ ಮೇಲೆ ಈ ಇಂಜೆಕ್ಟರ್ ಪರೀಕ್ಷೆಯಾಗುವುದಿಲ್ಲ. ಹಾಗಿದ್ದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಕಳಿಸುವುದೇ ವಾಸಿ. ಬಿಚ್ಚಿದ ಹಳೆ ಪಾರ್ಟನ್ನು ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡುವ ಅಂಗಡಿಗೆ ಮತ್ತೆ ಹೋಗಬೇಡಿ.

ನೋಡಲು ಹೋದಾಗ

ಬೆಳಿಗ್ಗೆ ಹೋಗಿ, ‘ಗಾಡಿ ಸ್ಟಾರ್ಟ್ ಮಾಡಬೇಡಿ, ನಾನು ಬಂದ ಮೇಲೆ’ ಎಂದು ಮೊದಲೇ ಹೇಳಿ. ಹೋದಕೂಡಲೇ ಬಾನೆಟ್ ಮೇಲೆ ಕೈ ಇಡಿ, ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಸ್ಟಾರ್ಟ್ ಆದ ಮೇಲೆ ಬಿಳಿ ಹೊಗೆ ಅರ್ಧ ನಿಮಿಷದೊಳಗೆ ನಿಲ್ಲಬೇಕು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಐಡ್ಲಿಂಗಿನಲ್ಲಿ ಆಯಿಲ್ ಕ್ಯಾಪ್ ತೆಗೆದು ಬಾಯಿಯ ಮೇಲೆ ತಲೆಕೆಳಗಾಗಿ ಇಡಿ: ಸ್ವಲ್ಪ ಅಲುಗಿದರೆ ವಯಸ್ಸಿಗೆ ತಕ್ಕದ್ದು, ಎತ್ತಿ ಎಸೆದರೆ ರಿಂಗ್ ಇಲ್ಲವೇ ವಾಷರ್ ಹೋಗಿದೆ. ಎರಡೇ ನಿಮಿಷದಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ ಸೋರಿಕೆ, ಅಲ್ಲಿಂದಲೇ ಹೊರಡಿ.

ಡಿಜಿಟಲ್ ಮೀಟರನ್ನು ಲ್ಯಾಪ್‌ಟಾಪಿನಿಂದ ಹಿಂದೆ ತಿರುಗಿಸುವುದು ಕೆಲವೇ ನಿಮಿಷದ ಕೆಲಸ. ಹಾಗಾಗಿ ಮೀಟರಿಗಿಂತ ಕ್ಲಚ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಬಲ ಅಂಚು, ಸ್ಟೀರಿಂಗಿನ ಹೊಳಪು, ಹಿಂದಿನ ಸೀಟ್ ಹಳಿ ಇವನ್ನು ನಂಬಿ. 80,000 ತೋರಿಸುವ ಗಾಡಿಯ ಪೆಡಲ್ ನುಣ್ಣಗೆ ಸವೆದಿದ್ದರೆ ಲೆಕ್ಕ ನಿಮಗೇ ಗೊತ್ತಾಗುತ್ತದೆ. ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ದಾಖಲೆ ಕೇಳಿ, ಯಾವ ತಾರೀಕಿಗೆ ಎಷ್ಟು ಕಿ.ಮೀ. ಎಂದು ಅಲ್ಲಿ ಬರೆದಿರುತ್ತದೆ. ಹಳದಿ ಬೋರ್ಡಿನಿಂದ ಬಿಳಿಗೆ ಬದಲಾದ ಗಾಡಿಯೋ ಎಂಬುದನ್ನೂ ಆರ್‌ಸಿ ದಾಖಲೆಯಲ್ಲಿ ನೋಡಿ. ಟ್ಯಾಕ್ಸಿಯಾಗಿತ್ತು ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ದಿನಾ ಹೈವೇಯಲ್ಲಿ ಒಂದೇ ಸಮನೆ ಓಡಿದ ಟ್ಯಾಕ್ಸಿಯ ಎಂಜಿನ್, ಊರೊಳಗೆ ಎರಡು ಕಿಲೋಮೀಟರ್ ಓಡಿ ನಿಂತು, ಬಿಸಿಯಾಗದೆ ಉಳಿದ ಮನೆ ಗಾಡಿಗಿಂತ ಒಳಗೆ ಚೆನ್ನಾಗಿರುವುದುಂಟು.

ದೆಹಲಿ ಕಡೆ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಇನ್ನೋವಾಗಳು ಅಗ್ಗದ ಬೆಲೆಗೆ ಹೊರ ರಾಜ್ಯಗಳಿಗೆ ಬರುತ್ತಿವೆ. ಬೆಲೆ ನೋಡಿ ಮರುಳಾಗುವ ಮೊದಲು ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿ ಕಟ್ಟಬೇಕಾದ ತೆರಿಗೆ, ಮರುನೋಂದಣಿ ಖರ್ಚು ಕೂಡಿಸಿ ನೋಡಿ. ಎನ್‌ಒಸಿ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿತು, ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ದಂಡ, ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ. 2010ರ ಒಳಗಿನ ಮಾಡೆಲ್ ನೋಡುತ್ತಿದ್ದರೆ ಆರ್‌ಸಿಯ ಮೇಲೆ ‘ಎಲ್ಲಿಯವರೆಗೆ’ ಎಂಬ ತಾರೀಕು ನೋಡಿಯೇ ರೇಟು ಮಾತಾಡಿ. ನವೀಕರಣ ಆಗಿಲ್ಲದಿದ್ದರೆ ಅದನ್ನು ಮಾರುವವರೇ ಮಾಡಿಸಿಕೊಡಲಿ. ಎಫ್‌ಸಿಗೆ ನಿಲ್ಲಿಸಲು ಹೆದರುವ ಗಾಡಿಯನ್ನು ನೀವೇಕೆ ಕೊಳ್ಳಬೇಕು?